ಅವರೆಕಾಳು ಹಿತಕಬೇಕಾದವರು ಯಾರು?

ಕಳೆದ ಭಾನುವಾರ ನನ್ನ ತಂಗಿ ಶಾಂತಾ, ನನ್ನ ಹೆಂಡತಿಯ ಮುಂದಿದ್ದ ಅವರೆಕಾಳಿನ ಪಾತ್ರೆಯನ್ನು ಕಿತ್ತುಕೊಂಡಳು. ಪ್ರೀತಿಯಿಂದಲೇ ಕಿತ್ತುಕೊಂಡಳು. ನನ್ನ ಆಕ್ಷೇಪಣೆ ಇರುವುದೂ ಆ ಪ್ರೀತಿಯ ಬಗ್ಗೆಯೇ.

ದೀಪಾವಳಿ ಕಳೆದ ಮೇಲೆ ನನ್ನ ಹೆಂಡತಿಗೆ ಸ್ಟ್ರೋಕ್ ಆಯಿತು. ಕಾಲು ಚೇತರಿಸಿಕೊಂಡಿತು, ಮಾತು ತಡವರಿಸುತ್ತಲೇ ಮರಳಿತು, ಬಲಗೈ ಬೆರಳುಗಳು ಮಾತ್ರ ಇನ್ನೂ ಮಾತು ಕೇಳುತ್ತಿಲ್ಲ. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಕೊಟ್ಟ ರಬ್ಬರ್ ಚೆಂಡು ಇವಳಿಗೆ ಸೇರಲಿಲ್ಲ. (‘ನಾನೇನು ಮಗುವಾ?’) ಅಡುಗೆಮನೆಯಲ್ಲಿ ನೆನೆಹಾಕಿದ್ದ ಅವರೆಕಾಳನ್ನು ಕಂಡ ಆ ಫಿಸಿಯೋಥೆರಪಿಸ್ಟ್, “ಆಂಟಿ, ಹಾಗಾದ್ರೆ ಇದನ್ನ ಹಿತಕಿ. ಬಲಗೈಲೇ,” ಎಂದರು.

ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಹೊರಬರಬೇಕು. ಕಾಳು ಜಾರುತ್ತಿತ್ತು. ಇವಳು ಮತ್ತೆ ಹಿಡಿಯುತ್ತಿದ್ದಳು. ಚೆಂಡಿನ ಮೇಲಿಲ್ಲದ ಹಠ ಅವರೆಯ ಮೇಲೆ ಬಂದಿತ್ತು.

ಗೇಟಿನ ಬಳಿ ಆ ಫಿಸಿಯೋಥೆರಪಿಸ್ಟ್ ನನಗಷ್ಟೇ ಕೇಳುವಂತೆ ಹೇಳಿದರು: “ಅಂಕಲ್, ಈಗಿನ ತಿಂಗಳುಗಳೇ ಮುಖ್ಯ. ಕೆಲಸ ಕೊಡದೇ ಇದ್ರೆ ಕೈ ಸುಮ್ನಿರೋದನ್ನೇ ಕಲಿತುಬಿಡುತ್ತೆ.”

ಅಂದಿನಿಂದ ನನಗೆ ಕ್ಯಾಲೆಂಡರಿನ ಹಾಳೆ ಮಗುಚಲು ಭಯ.

ಇಂಥ ಹೊತ್ತಿನಲ್ಲಿ ಕುಂಬಾರಕೊಪ್ಪಲಿನಿಂದ ಸೊಸೆಯೊಂದಿಗೆ ಶಾಂತಾಳ ಆಗಮನ.

“ಅಯ್ಯೋ ಅತ್ತಿಗೆ, ಇಂಥಾ ಸ್ಥಿತೀಲೂ ನಿಮ್ ಕೈಲಿ ಕೆಲ್ಸ ಮಾಡಿಸ್ತಾನಲ್ಲ ನಮ್ಮಣ್ಣ. ಬುಡಿ ಇತ್ಲಾಗೆ.”

“ಶಾಂತಾ, ಅದು ಎಕ್ಸರ್‌ಸೈಜ್.”

“ಸುಮ್ನಿರಣ್ಣ. ಅಡುಗೆಮನೆ ಚಾಕರಿಗೆ ಇಂಗ್ಲಿಷ್ ಹೆಸರು ಇಟ್ಬುಟ್ರೆ ಆಗೋಯ್ತಾ?”

(ನಮ್ಮ ಗೃಹಪ್ರವೇಶದಲ್ಲಿ ಪಾಯಸ ನೀರಾಗಿದೆ ಎಂದದ್ದೂ ಇದೇ ಬಾಯಿ. ನಾನು ಮರೆತಿಲ್ಲ.)

ಅತ್ತೆ ಸೊಸೆ ಸೇರಿ ಮಾತು ಮುಗಿಯುವಷ್ಟರಲ್ಲಿ ಕಾಳನ್ನೂ ಮುಗಿಸಿದರು. ಸಾರು ರುಚಿಯಾಗಿತ್ತು, ಸುಳ್ಳು ಹೇಳಲಾರೆ. ಶಾಂತಾಳೇ ಅತ್ತಿಗೆಗೆ ಚಮಚದಲ್ಲಿ ತಿನ್ನಿಸಿದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ರೋಗಿಯನ್ನು ನೋಡಲು ಬಂದವರು ರೋಗಿಯ ಕೆಲಸವನ್ನು ತಾವೇ ಮಾಡಿ ಹೋಗಬೇಕೆಂಬ ಕಟ್ಟಳೆಯನ್ನು ನಮ್ಮಲ್ಲಿ ಯಾರು ಮಾಡಿದರು? ಸೇವೆ ಮಾಡಿದವರಿಗೇನೋ ಸಮಾಧಾನ. ಬೆರಳುಗಳಿಗೆ?

ಅವರು ಹೊರಟ ಮೇಲೆ ಇವಳು ಒಂದೊಂದೇ ಪದ ಜೋಡಿಸಿ ಕೇಳಿದಳು: “ಬರೋ ಭಾನುವಾರ... ಯಾರು ಬರ್ತಾರೆ?”

“ನಿನ್ನ ತಂಗಿ ಮನೆಯವರು. ಫೋನ್ ಮಾಡಿದ್ರು.”

ಸಿಪ್ಪೆಯ ರಾಶಿಯಲ್ಲಿ ಯಾರ ಕೈಗೂ ಸಿಗದೆ ಉಳಿದಿದ್ದ ಒಂದು ಕಾಳಿಗಾಗಿ ಇವಳ ಬಲಗೈ ತಡಕಾಡುತ್ತಿತ್ತು.

ಭಾನುವಾರ ನಾನು ಬಾಗಿಲು ತೆಗೆಯದಿದ್ದರೆ ನೆಂಟರ ಪಾಲಿಗೆ ದುಷ್ಟನಾಗುತ್ತೇನೆ. ತೆಗೆದರೆ, ಇವಳ ಪಾಲಿಗೆ ಏನಾಗುತ್ತೇನೆ?