ಗೇಟಿನ ಕಾವಲುಗಾರನ ಮೀಸೆ

ನಾನು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಕಾಲದಲ್ಲಿ, ಅಂದರೆ ಬಿಳಿ ದೊರೆಗಳಿದ್ದಾಗ, ಒಮ್ಮೆ ಊರಿಗಾಂನ ಚಿನ್ನದ ಗಣಿಗೆ ಹೋಗಿದ್ದೆ. ಪಾಳಿ ಮುಗಿಸಿ ಬರುವ ಪ್ರತಿಯೊಬ್ಬನನ್ನೂ, ಚಿನ್ನ ಬಚ್ಚಿಟ್ಟುಕೊಂಡಿದ್ದಾನೇನೋ ಎಂದು ಗೇಟಿನಲ್ಲಿ ತಡಕುವುದು ಅಲ್ಲಿನ ಪದ್ಧತಿ. ಕಾವಲುಗಾರ ಬುತ್ತಿ ಡಬ್ಬಿಯೊಳಗೂ ಇಣುಕುತ್ತಿದ್ದ. ಅವನ ಗಿರಿಜಾ ಮೀಸೆಯ ಎರಡೂ ತುದಿ ಡಬ್ಬಿಯಲ್ಲಿ ಮಿಕ್ಕ ಸಾರಿನಲ್ಲಿ ಅದ್ದಿರುವ ಹಾಗೆ ನನ್ನ ಚಿತ್ರದ ಪುಸ್ತಕದಲ್ಲಿ ಗೀಚಿಕೊಂಡೆ.

ಹೊರಡುವಾಗ ನನ್ನನ್ನೂ ತಡಕಿದ. ಚಿತ್ರದ ಪುಸ್ತಕ ಸಿಕ್ಕಿತು, ಆ ಹಾಳೆಯೇ ತೆರೆದುಕೊಂಡಿತು. ಆ ವಾರ ಕಳಿಸಬೇಕಾದ ಚಿತ್ರಗಳೆಲ್ಲ ಅದರಲ್ಲೇ ಇದ್ದವು. ಅವನು ಕಿತ್ತುಕೊಂಡರೆ ನನ್ನ ಕೆಲಸ ಹೋದಂತೆಯೇ.

“ಯಾರ್ ಸಾಮಿ ಇವ್ನು?”

“ಬೆಂಗಳೂರಿನ ಒಬ್ಬ ಜಮಾದಾರ” ಎಂದೆ, ಬಾಯಿಗೆ ಬಂದದ್ದು.

ನನ್ನ ಹಿಂದೆ ಕೈ ಎತ್ತಿಕೊಂಡು ನಿಂತಿದ್ದ ಮುದುಕನೊಬ್ಬ ಹಣಿಕಿ ನೋಡಿ, ಚೂರೂ ನಗದೆ, “ಔದಣ್ಣಾ, ನಾನೂ ನೋಡಿವ್ನಿ. ಬೆಂಗಳೂರ್ನಾಗವ್ನೆ” ಎಂದ. ಸಾಲಿಗೆ ಸಾಲೇ ತಲೆಯಾಡಿಸಿತು.

ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಥೂ, ಇದೇನ್ ಮೀಸೆ ಸಾಮಿ! ಇವ್ನ ಎಂಡ್ತಿ ಎಂಗ್ ಸಯಿಸ್ಕಂತಾಳೋ!” ಎನ್ನುತ್ತ ಪುಸ್ತಕ ವಾಪಸು ಕೊಟ್ಟ. ಪುಸ್ತಕವೇನೋ ಉಳಿಯಿತು; ಮುಖ ಹೋಲುವಂತೆ ಬರೆಯುತ್ತೇನೆಂಬ ನನ್ನ ಜಂಬ ಅಲ್ಲೇ ಇಳಿಯಿತು.

ತಿಂಗಳ ಮೇಲೆ ಮತ್ತೆ ಹೋದೆ. ದೂರದಿಂದಲೇ ಕೂಗಿದ: “ಸಾಮಿ, ಆ ಜಮಾದಾರ ಮೀಸೆ ತೆಗೆಸಿದ್ನಾ?”

ಅವನ ಮೂಗಿನ ಕೆಳಗೇ ದೃಷ್ಟಿಯಿಟ್ಟು ಹೇಳಿದೆ: “ಇಲ್ಲಪ್ಪಾ, ಈಗ ತಾನೇ ನೋಡಿದೆ. ಹಾಗೇ ಇದೆ.”