ಮೂರು ಚುಕ್ಕಿಯ ಉತ್ತರೀಯ

ಮದರಾಸಿನ ವಡಪಳನಿಯ ಮುರುಗನ ಗುಡಿಯಲ್ಲಿ ಬೆಳಗಿನ ಗಂಟೆ ಮೊಳಗುವುದಕ್ಕೂ ಹುಚ್ಚಮ್ಮನ ಕಲ್ಲಿನ ಮೇಲೆ ಮೊದಲ ಬಟ್ಟೆ ಬೀಳುವುದಕ್ಕೂ ಹೆಚ್ಚಿನ ಅಂತರವಿರುತ್ತಿರಲಿಲ್ಲ. ಆಕೆ ಕನಕಪುರದ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ ನಾಲಗೆಯಲ್ಲಿ ತವರಿನ ಮಾತು ಹಾಗೆಯೇ ಉಳಿದಿತ್ತು. ನಡುನಡುವೆ ತಮಿಳು ಸೇರಿಕೊಂಡಿತ್ತು, ಅಷ್ಟೆ. ಗಂಡ ತೀರಿಕೊಂಡ ಮೇಲೆ ಅವನ ಒಗೆಯುವ ಕಲ್ಲನ್ನೂ ಅವನು ನೋಡಿಕೊಳ್ಳುತ್ತಿದ್ದ ಮನೆಗಳನ್ನೂ ತಾನೇ ವಹಿಸಿಕೊಂಡಳು. ಆ ಮನೆಗಳಲ್ಲಿ ನಮ್ಮದೂ ಒಂದು. ಆದರೆ ಆಕೆಯ ಜೀವನ ನಿಂತದ್ದು ನಮ್ಮಂಥವರ ಪಂಚೆಗಳ ಮೇಲಲ್ಲ. ಚಿತ್ರೀಕರಣಗಳಿಗೆ ವೇಷಭೂಷಣ ಒದಗಿಸುವ ನಂಜುಂಡನ ಉಡುಪಿನ ಅಂಗಡಿಯಿಂದ ವಾರಕ್ಕೆರಡು ಬಾರಿ ಬರುತ್ತಿದ್ದ ದೊಡ್ಡ ಮೂಟೆಗಳೇ ಆಕೆಗೆ ಆಧಾರ.

ಓದು ಬರಹ ತಿಳಿಯದ ಹುಚ್ಚಮ್ಮನಿಗೆ ಆಕೆಯದೇ ಆದ ಒಂದು ಲಿಪಿ ಇತ್ತು. ಕರಿಗೇರಿನ ಕಾಯಿಯನ್ನು ಸೂಜಿಯಿಂದ ಚುಚ್ಚಿ, ಮೊನೆಗೆ ಅಂಟಿದ ಕಪ್ಪು ರಸದಿಂದ ಬಟ್ಟೆಯ ಮೂಲೆಯಲ್ಲಿ ಗುರುತಿಡುವಳು. ಮೇಲೆ ಸ್ವಲ್ಪ ಸುಣ್ಣ ತಾಕಿಸುವಳು. ಬಟ್ಟೆ ಹರಿದರೂ ಆ ಗುರುತು ಅಳಿಯದು. ನಮ್ಮ ಮನೆಗೆ ಒಂದು ಚುಕ್ಕಿ, ಎರಡು ಗೆರೆ. ನಂಜುಂಡನ ಮೂಟೆಯಲ್ಲಂತೂ ವೇಷ ಹಾಕುವ ಪ್ರತಿಯೊಬ್ಬ ನಟನಿಗೂ ಬೇರೆ ಬೇರೆ ಗುರುತು. ಅಂಗಡಿಯವರು ಇದನ್ನು ಬೇಕೆಂದು ಕೇಳಿರಲಿಲ್ಲ. ಅವರ ಲೆಕ್ಕದಲ್ಲಿ ಬಿಳಿ ಉತ್ತರೀಯವೆಂದರೆ ಬಿಳಿ ಉತ್ತರೀಯ. ಯಾರ ಹೆಗಲಿಗೆ ಬಂದರೂ ಆಗುತ್ತಿತ್ತು. ಹುಚ್ಚಮ್ಮ ಮಾತ್ರ ಒಪ್ಪುತ್ತಿರಲಿಲ್ಲ. ಮಡಿಬಟ್ಟೆ ಒಗೆದು ಕಲಿತ ಕೈ ಅದು. ಒಬ್ಬರ ಬೆವರಿನ ಬಟ್ಟೆಯನ್ನು ಮತ್ತೊಬ್ಬರ ಮೈಗೆ ಕೊಡುವುದು ಆಕೆಗೆ ಅಪಚಾರವಾಗಿ ತೋರುತ್ತಿತ್ತು.

ಎರಡು ಸಾವಿರದ ಮೂರನೆಯ ಇಸವಿಯ ಬೇಸಗೆಯಲ್ಲಿ ಊರಿನ ನಲ್ಲಿಗಳು ಬತ್ತಿದವು. ಕುಡಿಯುವ ನೀರು ಲಾರಿಯಲ್ಲಿ ಬರುತ್ತಿತ್ತು. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ನಿಂತವರಿಗೆ ತಲೆಗೆ ಎರಡು ಕೊಡ. ಬಟ್ಟೆ ಒಗೆಯಲು ಬೋರಿನ ನೀರೇ ಗತಿ. ಆ ನೀರು ಬಕೆಟ್ಟಿನಲ್ಲಿ ಒಂದು ಹೊತ್ತು ನಿಂತರೆ ಮೇಲೆ ತುಕ್ಕಿನ ತೆಳುಕೆನೆ ಕಟ್ಟುತ್ತಿತ್ತು. ಆಗಲೇ ನಂಜುಂಡನಿಗೆ ಒಂದು ಪೌರಾಣಿಕ ಧಾರಾವಾಹಿಯ ಉಡುಪಿನ ಕೆಲಸ ಸಿಕ್ಕಿತು. ಕಡಲ ತೀರದ ತೋಟವೊಂದರಲ್ಲಿ ಗುರುಕುಲದ ದೃಶ್ಯಗಳು; ಬರಿಮೈಯ ಮೇಲೆ ಬಿಳಿಯ ಉತ್ತರೀಯ ಹೊದ್ದ ಆರು ಮಂದಿ ಋಷಿಕುಮಾರರು; ತಲೆಗೆ ನಾಲ್ಕರಂತೆ ಇಪ್ಪತ್ತನಾಲ್ಕು ಉತ್ತರೀಯಗಳು.

ಎರಡನೆಯ ವಾರ ನಂಜುಂಡ ತಾನೇ ಮೂಟೆ ಹೊತ್ತು ಹುಚ್ಚಮ್ಮನ ಕಲ್ಲಿನ ಬಳಿಗೆ ಬಂದ. ಜೊತೆಯಲ್ಲಿ ಧಾರಾವಾಹಿಯ ಉಡುಪುಗಳ ಉಸ್ತುವಾರಿ ನೋಡಿಕೊಳ್ಳುವ ಕಮಲಾಕರರಾಯರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವ ಮನೆತನದವರು, ಮೆದು ಮಾತಿನವರು. ನಂಜುಂಡ ಒಂದು ಉತ್ತರೀಯವನ್ನು ಬಿಡಿಸಿ ಹಿಡಿದ. ಹೆಗಲಿನ ಮೇಲೂ ಕತ್ತಿನ ಸುತ್ತಲೂ ಕಾವಿಗೂ ಇಟ್ಟಿಗೆಗೂ ನಡುವಿನ ಬಣ್ಣದ ಕಲೆ ಹರಡಿತ್ತು.

"ಏನ್ ಹುಚ್ಚಮ್ಮ, ಋಷಿಕುಮಾರನ ಹೆಗಲ ಮೇಲೆ ಕೋಳಿ ಕುಯ್ದಂಗಿದೆಯಲ್ಲ!"

"ನನ್ ಕಲ್ಲು ಅಂತಾ ಕೆಲ್ಸ ಮಾಡಾಕಿಲ್ಲ ಸಾಮಿ. ಒಗೆಯೋವಾಗ ಇರ್ನಿಲ್ಲ ಇದು."

"ಒಣಗಿದ ಮೇಲೆ ಆಕಾಶದಿಂದ ಬಿತ್ತಾ? ನಿನ್ನ ಬೋರ್ ತಣ್ಣಿಯ ಮಹಿಮೆ ಇದು."

ಕಮಲಾಕರರಾಯರು ಸಮಾಧಾನಕ್ಕೆ ಬಂದರು. "ಮಂಜಳ್ ಕಣಪ್ಪಾ ನಂಜುಂಡ. ಹೋದ ವಾರ ಮಂಗಳಸ್ನಾನದ ಸೀನ್ ಇತ್ತಲ್ಲ, ಎಲ್ಲರಿಗೂ ಅರಿಶಿನ ಬಳಿದಿದ್ವಿ. ಸೋಪಿಗೆ ಕೆಂಪಾಗಿದೆ. ಒಂದಿನ ಬಿಸಿಲಿಗೆ ಹಾಕಮ್ಮ, ಹೋಗಿಬಿಡತ್ತೆ."

ಹುಚ್ಚಮ್ಮನಿಗೂ ಅದು ಸರಿಯೆನಿಸಿತು. ಅರಿಶಿನದ ಕಲೆ ಸಾಬೂನು ತಾಕಿದರೆ ಕೆಂಪಾಗುವುದೂ, ಬಿಸಿಲಿಗೆ ಹರವಿದರೆ ಮಾಯವಾಗುವುದೂ ಅಗಸರ ಮನೆಯ ಕೂಸುಗಳಿಗೂ ಗೊತ್ತು. ನಂಜುಂಡನ ಮನಸ್ಸು ಮಾತ್ರ ಕರಗಲಿಲ್ಲ.

"ಅಣ್ಣಾನಗರದಲ್ಲಿ ಬಟ್ಟೆ ಒಗೆಯೋ ಮೆಷಿನ್ ಹಾಕಿದಾರೆ, ನೋಡ್ಕೊಂಡು ಬಂದಿದೀನಿ. ಶುಕ್ರವಾರಕ್ಕೆ ಇಪ್ಪತ್ನಾಲ್ಕೂ ಬೆಳ್ಳಗೆ ಬೇಕು. ಒಂದರಲ್ಲಿ ಕಲೆ ಕಂಡ್ರೂ ಮಾರನೇ ದಿನದಿಂದ ಮೂಟೆ ಅಲ್ಲಿಗೇ."

ಅವರು ಹೋದ ಮೇಲೆ ಹುಚ್ಚಮ್ಮ ಕಲೆಯಾದ ಬಟ್ಟೆಗಳನ್ನು ಮತ್ತೊಮ್ಮೆ ಸೋಡಾದಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹರವಿದಳು. ದಿನವೂ ಮೊದಲ ಬಟ್ಟೆ ಹರವುವಾಗ ಸೂರ್ಯನಿಗೆ ಕೈಮುಗಿಯುವುದು ಆಕೆಯ ರೂಢಿ. ಒಣಗಿಸುವವನೂ ಬೆಳ್ಳಗೆ ಮಾಡುವವನೂ ಅವನೇ ಎಂಬ ನಂಬಿಕೆ. ಅಂದು ಎರಡು ಸಲ ಮುಗಿದಳು. ಸಂಜೆಯಾದರೂ ಕಲೆ ಕದಲಲಿಲ್ಲ. ಮರುದಿನ ಬ್ಲೀಚಿಂಗ್ ಪುಡಿ ಹಾಕಿದಳು. ಕಲೆ ಇನ್ನಷ್ಟು ಕೆಂಪೇರಿತು! ಮೂವತ್ತು ವರ್ಷಗಳಲ್ಲಿ ಆಕೆ ಇಂಥದನ್ನು ಕಂಡಿರಲಿಲ್ಲ. ಬಿಸಿಲಿಗೂ ಪುಡಿಗೂ ಬಗ್ಗದ ಇದು ಅರಿಶಿನವಲ್ಲ. ಹಾಗಾದರೆ ಏನು? ಹೆದರಿಕೆಯ ಜೊತೆಗೆ, ಹೆದರಿಕೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚಾಗಿಯೇ, ಇದೇನೆಂದು ತಿಳಿಯಬೇಕೆಂಬ ಹಟ ಹುಟ್ಟಿತು.

ಇಪ್ಪತ್ತನಾಲ್ಕನ್ನೂ ಮಡಿಚಲು ಕುಳಿತಾಗ ಆ ಹಟಕ್ಕೆ ದಾರಿ ಕಂಡಿತು. ಕಲೆಯಾದವು ನಾಲ್ಕು. ನಾಲ್ಕರ ಮೂಲೆಗಳನ್ನೂ ತಿರುಗಿಸಿ ನೋಡಿದಳು. ನಾಲ್ಕರಲ್ಲೂ ಮೂರು ಚುಕ್ಕಿ, ಒಂದು ಗೆರೆ! ಉಳಿದ ಇಪ್ಪತ್ತೂ ಹಾಲಿನಂತೆ ಬಿಳುಪು. ಎಲ್ಲವೂ ಬಿದ್ದದ್ದು ಅದೇ ಕಲ್ಲಿನ ಮೇಲೆ, ಮಿಂದದ್ದು ಅದೇ ನೀರಿನಲ್ಲಿ. ಅರಿಶಿನ ಬಳಿದದ್ದೂ ಆರು ಮಂದಿಗೂ.

ಆ ನಾಲ್ಕನ್ನೂ ಕಂಕುಳಲ್ಲಿಟ್ಟುಕೊಂಡು ಆಕೆ ಕಮಲಾಕರರಾಯರ ಮನೆಗೆ ನಡೆದಳು. ಅವರು ಆಗತಾನೇ ಸಂಧ್ಯಾವಂದನೆ ಮುಗಿಸಿ ಹೊರಗೆ ಬಂದಿದ್ದರು.

"ರಾಯರೇ, ಮೂರು ಚುಕ್ಕಿ ಒಂದು ಗೆರೆ ಯಾರು?"

"ನಿನ್ನ ಚುಕ್ಕಿ ನನಗೇನು ತಿಳಿಯತ್ತಮ್ಮ?"

"ಬೆಳ್ಳಗವ್ನೆ, ಮೂಗಿನ್ ಮ್ಯಾಲೆ ಮಚ್ಚೆ. ಬಟ್ಟೆ ಈಸ್ಕೊಳಕೆ ಬಂದಾಗ ನೋಡಿವ್ನಿ."

"ಓ, ಸುರೇಶ! ಪಾಪ, ಆ ಪಯ್ಯನ ಮೈಗೆ ಬಿಸಿಲು ಬಿದ್ರೆ ದದ್ದು ಏಳತ್ತೆ. ಡಾಕ್ಟರು ಒಂದು ಕ್ರೀಂ ಬರೆದುಕೊಟ್ಟಿದಾರೆ. ಎರಡು ಗಂಟೆಗೊಂದು ಸಲ ಹೆಗಲು, ಕತ್ತು ಎಲ್ಲಾ ಬಳ್ಕೊತಾನೆ. ಹಚ್ಚದಿದ್ರೆ ಅವನಿಗೆ ಪಾತ್ರ ಮಾಡಕ್ಕಾಗಲ್ಲ."

"ಸೂರ್ನಾರಾಯಣನಿಗೇ ಅಡ್ಡ ಹಿಡಿಯೋ ಔಸ್ದಿ ಬಂದದಾ?" ಹುಚ್ಚಮ್ಮ ಬಾಯಿ ತೆರೆದಳು. "ಅದನ್ನ ಒಂದ್ ಚೂರು ತಂದ್ಕೊಡಿ ಸಾಮಿ. ನಾನು ನೋಡ್ಬೇಕು."

ಮರುದಿನ ಸಂಜೆ ರಾಯರು ಹಿಂಡಿ ಮುಗಿಯುತ್ತ ಬಂದಿದ್ದ ಒಂದು ಟ್ಯೂಬು ಮನೆಗೆ ತಂದಾಗ ಹುಚ್ಚಮ್ಮ ಜಗಲಿಯಲ್ಲಿ ಕಾದಿದ್ದಳು. ಅದರ ಬೆನ್ನಿನ ಸಣ್ಣಕ್ಷರಗಳನ್ನು ಓದಿದವಳು ಅವರ ಮಗಳು ಭಾವನಾ, ಬಿ.ಎಸ್ಸಿ. ಎರಡನೆಯ ವರ್ಷ, ರಸಾಯನಶಾಸ್ತ್ರ. ಮನೆಯ ಕನ್ನಡವೆಲ್ಲ ಅರ್ಥವಾಗುತ್ತಿದ್ದರೂ ಉತ್ತರ ಕೊಡುವುದು ತಮಿಳಿನಲ್ಲೇ.

"ಅವೊಬೆನ್ಝೋನ್," ಎಂದಳು. "ಯು.ವಿ. ಫಿಲ್ಟರ್ ಪ್ಪಾ. ವೆಯ್ಯಿಲೈ ಉರಿಂಜಿಡುಂ."

"ಬಿಸಿಲನ್ನ ಹೀರ್ಕೊಂಡುಬಿಡತ್ತಂತೆ," ಎಂದು ರಾಯರು ಹುಚ್ಚಮ್ಮನಿಗೆ ಹೇಳಿದರು.

"ಪೂರಾ ಬಿಸಿಲನ್ನಾ? ಅಂಗಾರೆ ಅವ್ನು ಕತ್ತಲಾಗಿ ಕಾಣ್ಬೇಕಿತ್ತು!"

ಭಾವನಾ ನಕ್ಕಳು. ಆಕೆ ಹೇಳಿದ್ದನ್ನು ರಾಯರು ತುಂಡುತುಂಡಾಗಿ ಕನ್ನಡಕ್ಕೆ ತಂದರು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವುಂಟು. ಚರ್ಮವನ್ನು ಸುಡುವುದು ಅದು. ಈ ವಸ್ತು ಆ ಭಾಗವನ್ನು ಮಾತ್ರ ತನ್ನೊಳಗೆ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳುತ್ತ ತೆಗೆದುಕೊಳ್ಳುತ್ತ ತಾನೇ ಮುರಿದು ನಿರ್ವೀರ್ಯವಾಗುತ್ತದೆ. ಆದುದರಿಂದಲೇ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹುಚ್ಚಮ್ಮ ಕದಲದೆ ಕೇಳಿದಳು. ಬಳಿಕ ಕಲೆಯ ಬಟ್ಟೆಯನ್ನು ಹುಡುಗಿಯ ಮಡಿಲಿಗೆ ಹಾಕಿದಳು.

"ಎಲ್ಲಾ ಸರಿ ಮಗಾ. ಟೂಬ್ನಾಗೆ ಬೆಳ್ಳಗಿರೋದು ನನ್ ಕೈಗೆ ಬಂದು ಯಾಕೆ ಕೆಂಪಾಯ್ತು? ನನ್ ನೀರ್ನಾಗೆ ತುಕ್ಕದೆ, ಅದನ್ನ ನಾನೂ ಒಪ್ಕೋತೀನಿ."

ತುಕ್ಕು ಎಂಬ ಮಾತಿಗೆ ಭಾವನಾ ತಲೆಯೆತ್ತಿದಳು. "ಅಯರ್ನ್!" ಎಂದವಳೇ ಎರಡು ಬೆರಳುಗಳನ್ನು ಏಡಿಯ ಕೊಂಡಿಯಂತೆ ಬಾಗಿಸಿ ತಂದೆಯ ಕೈಬೆರಳನ್ನು ಹಿಡಿದು ತೋರಿಸಿದಳು. ಈ ಜಾತಿಯ ವಸ್ತುಗಳಿಗೆ ಕಬ್ಬಿಣ ಸಿಕ್ಕರೆ ಹೀಗೆ ಕಚ್ಚಿ ಹಿಡಿಯುತ್ತವೆ, ಆಗ ಕೆಂಪು ಬಣ್ಣ ಬರುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದರ ಬಂಧುವೊಂದನ್ನು ಕಂಡಿದ್ದೇನೆ ಎಂದಳು. ಆದರೆ ಬಟ್ಟೆಯ ಮೇಲೂ ಹಾಗೆಯೇ ಎಂದು ಪ್ರಮಾಣ ಮಾಡಲು ಒಪ್ಪಲಿಲ್ಲ. "ತೆರಿಯಲೆ ಆಂಟಿ. ಟೆಸ್ಟ್ ಪಣ್ಣಿ ಪಾಕ್ಕಣುಂ."

ಪರೀಕ್ಷೆ ಮಾಡಿ ನೋಡಬೇಕೆಂಬುದನ್ನು ಹುಚ್ಚಮ್ಮನಿಗೆ ಯಾರೂ ಕನ್ನಡಿಸಿ ಹೇಳಬೇಕಾಗಲಿಲ್ಲ.

ಬುಧವಾರ ಬೆಳಗ್ಗೆ ಆಕೆ ಹಳೆಯ ಪಂಚೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದಳು. ಎರಡು ಪಟ್ಟಿಗಳಿಗೆ ಕ್ರೀಮನ್ನು ತೀಡಿದಳು, ಒಂದಕ್ಕೆ ಅರಿಶಿನ ಹಚ್ಚಿದಳು, ಮತ್ತೊಂದನ್ನು ಹಾಗೆಯೇ ಬಿಟ್ಟಳು. ಕ್ರೀಮಿನ ಪಟ್ಟಿಗಳಲ್ಲಿ ಒಂದನ್ನು ಕುಡಿಯುವ ನೀರಿನ ಕೊಡದಿಂದ ಒಂದು ಚೊಂಬು ತೆಗೆದು ಒಗೆದಳು. ಉಳಿದ ಮೂರಕ್ಕೂ ಬೋರಿನ ನೀರು. ನಡುಹಗಲಿಗೆ ಪಟ್ಟಿಗಳು ಒಣಗಿದವು. ಏನೂ ಹಚ್ಚದ್ದು ಬಿಳಿಯಾಗಿಯೇ ಇತ್ತು. ಅರಿಶಿನದ್ದು ಕೆಂಪಾಗಿದ್ದದ್ದು ಬಿಸಿಲಿಗೆ ಬಿಳಿಚಿಕೊಂಡಿತು. ಕುಡಿಯುವ ನೀರು ಕಂಡ ಕ್ರೀಮಿನ ಪಟ್ಟಿಯಲ್ಲಿ ನಿಂಬೆಯ ಸಿಪ್ಪೆಯಂಥ ಮಸುಕು ಹಳದಿ. ಬೋರಿನ ನೀರು ಕಂಡ ಕ್ರೀಮಿನ ಪಟ್ಟಿ ಮಾತ್ರ ಕಾವಿ ಉಟ್ಟು ನಿಂತಿತ್ತು!

ಹುಚ್ಚಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನೀರಿನದೂ ತಪ್ಪಲ್ಲ, ಔಷಧಿಯದೂ ಅಲ್ಲ. ಎರಡೂ ಕೂಡಿದ್ದೇ ಕಲೆ. ತುಕ್ಕಿಗೆ ಹುಳಿ ಮದ್ದು ಎಂಬುದನ್ನು ಹಿತ್ತಾಳೆ ಬೆಳಗುವ ಹೆಂಗಸು ಬಲ್ಲಳು. ಆ ಪಟ್ಟಿಯ ಮೇಲೆ ನಿಂಬೆಯ ಹೋಳು ಉಜ್ಜಿ, ಚೊಂಬಿನ ನೀರಿನಲ್ಲಿ ಜಾಲಿಸಿದಳು. ಕೆಂಪು ಸಡಿಲವಾಯಿತು. ಮತ್ತೊಮ್ಮೆ ಉಜ್ಜಿದಳು, ಹೋಯಿತು; ಅಂಚನ್ನು ಮಾತ್ರ ಗುರುತಿಗೆಂದು ಉಜ್ಜದೆ ಬಿಟ್ಟಳು.

ಉಳಿದದ್ದು ನೀರಿನ ಮಾತು. ನಾಲ್ಕು ಉತ್ತರೀಯಗಳಿಗೆ ಎರಡು ಕೊಡ ಬೇಕು. ಆಕೆಗೆ ದಿನಕ್ಕೆ ಸಿಗುತ್ತಿದ್ದದ್ದೇ ಎರಡು ಕೊಡ. ಗುರುವಾರ ಲಾರಿಯ ಸಾಲಿನಲ್ಲಿ ನಿಂತು ತಂದ ಎರಡನ್ನೂ ಆಕೆ ಮನೆಯೊಳಗೆ ಒಯ್ಯದೆ ನೇರವಾಗಿ ಕಲ್ಲಿನ ಬಳಿ ಇಳಿಸಿದಳು. ಪಕ್ಕದ ಮನೆಯ ಕಲಾವತಿ ನೋಡಿ ಕೂಗಿಕೊಂಡಳು:

"ಅಯ್ಯೋ ಹುಚ್ಚಮ್ಮಕ್ಕಾ, ಕುಡಿಯೋ ನೀರಲ್ಲಿ ಬಟ್ಟೆ ಒಗೀತೀಯಾ? ತಲೆ ನೆಟ್ಟಗಿದೆಯಾ?"

"ಇವತ್ತು ಬಟ್ಟೆಗೆ ಬಾಯಾರಿಕೆ ಕಣೆ. ನಂಗೊಂದ್ ಲೋಟ ಮಜ್ಜಿಗೆ ಕೊಡು, ಸಾಕು."

ಸುರೇಶನ ಉತ್ತರೀಯಗಳಿಗೆ ನಿಂಬೆ ಹಿಂಡಿ, ಅಂಟುವಾಳದ ನೊರೆಯಲ್ಲಿ ಕ್ರೀಮಿನ ಜಿಡ್ಡನ್ನು ಬಿಡಿಸಿ, ಒಂದು ಹನಿಯೂ ಚೆಲ್ಲದಂತೆ ಜಾಲಿಸಿದಳು. ಉಳಿದ ಇಪ್ಪತ್ತು ಎಂದಿನ ನೀರಿನಲ್ಲೇ ಬೆಳ್ಳಗಾಗಿ ಆಗಲೇ ಮಡಿಕೆಯಾಗಿದ್ದವು. ಅಂದು ಆಕೆಯ ಮನೆಯಲ್ಲಿ ಒಲೆ ಉರಿಯಲಿಲ್ಲ. ಕಲಾವತಿ ಮಜ್ಜಿಗೆಯ ಜೊತೆಗೆ ಎರಡು ಇಡ್ಲಿಯನ್ನೂ ಬೈಗುಳವನ್ನೂ ತಂದುಕೊಟ್ಟಳು.

ಶುಕ್ರವಾರ ನಂಜುಂಡ ಬಂದು ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ಬಿಡಿಸಿದ. ರಾಯರು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಕೊನೆಯದನ್ನು ಕೆಳಗಿಟ್ಟು ನಂಜುಂಡ ಕೇಳಿದ:

"ಕಲೆ ಆಗಿದ್ವಲ್ಲ, ಅವು ಯಾವ್ವು?"

"ಹುಡ್ಕಿ ನೋಡಿ ಸಾಮಿ."

ಅವನು ಮತ್ತೊಮ್ಮೆ ಹುಡುಕಿದ, ಸಿಗಲಿಲ್ಲ. ಆಗ ಹುಚ್ಚಮ್ಮ ಒಂದು ಮೂಲೆಯನ್ನು ತಿರುಗಿಸಿ ಮೂರು ಚುಕ್ಕಿ, ಒಂದು ಗೆರೆಯನ್ನು ತೋರಿಸಿದಳು. ಹರಿದ ಪಟ್ಟಿಗಳನ್ನು ಕಲ್ಲಿನ ಮೇಲೆ ಸಾಲಾಗಿ ಹಾಸಿ ನಡೆದದ್ದನ್ನೆಲ್ಲ ಹೇಳಿದಳು. "ನಿಮ್ ಮೆಸಿನ್ಗೂ ಬೋರ್ ನೀರೇ ಸಾಮಿ. ಅದಕ್ಕೆ ಚುಕ್ಕಿ ಓದಾಕೆ ಬತ್ತದಾ?"

ನಂಜುಂಡ ತಲೆ ಕೆರೆದುಕೊಂಡ. ತಪ್ಪಾಯಿತೆನ್ನುವ ಜಾಯಮಾನ ಅವನದಲ್ಲ. "ಅಂಗಡಿಗೆ ಬರೋ ಲಾರೀಲಿ ದಿನಾ ಎರಡು ಕೊಡ ನಿಂಗೆ ಬಿಡಕ್ಕೆ ಹೇಳ್ತೀನಿ," ಎಂದು ಗೊಣಗಿ, ತಾನು ತಂದಿದ್ದ ಹೊಸ ಮೂಟೆಯನ್ನು ಕಲ್ಲಿನ ಪಕ್ಕದಲ್ಲಿಳಿಸಿ, ಉತ್ತರೀಯಗಳನ್ನು ಹೊತ್ತು ಹೊರಟ. ಮೆಷಿನ್ನಿನ ಮಾತು ಮತ್ತೆ ಏಳಲಿಲ್ಲ.

ಆ ಸಂಜೆ ಪಟ್ಟಿಗಳನ್ನು ನೋಡಲೆಂದು ಭಾವನಾ ತಾನೇ ಬಂದಳು. ಕಾಲೇಜಿನಲ್ಲಿ ತೋರಿಸಬೇಕೆಂದು ಕಾವಿ ಬಣ್ಣದ ಅಂಚು ಉಳಿದಿದ್ದ ಪಟ್ಟಿಯನ್ನು ಬೇಡಿದಳು. ಹುಚ್ಚಮ್ಮ ಅದನ್ನು ಮಡಿಚಿ ಕೈಗಿಡುತ್ತ, ಮೂರು ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದಳು.

"ಅದು ಬಿಸಿಲು ನುಂಗ್ತದೆ ಅಂದ್ಯಲ್ಲ ಮಗಾ. ನುಂಗಿದ್ ಬಿಸಿಲು ಎಲ್ಲಿಗೋಯ್ತದೆ?"

ಭಾವನಾ ಅಪರೂಪಕ್ಕೆ ಕನ್ನಡದಲ್ಲೇ ಉತ್ತರಿಸಿದಳು. "ಬಿಸಿ ಆಗತ್ತೆ ಆಂಟಿ. ಸುಮ್ನೆ, ಸ್ವಲ್ಪ ಬಿಸಿ."

ಹುಚ್ಚಮ್ಮ ತಂತಿಯ ಮೇಲಿನ ಕೊನೆಯ ಬಟ್ಟೆಯನ್ನು ಮುಟ್ಟಿ ನೋಡಿದಳು. ಹಗಲಿನ ಕಾವು ಇನ್ನೂ ಇತ್ತು. ಆಮೇಲೆ ಕರಿಗೇರಿನ ಕಾಯಿಯನ್ನು ಸೂಜಿಯಿಂದ ಚುಚ್ಚಿ, ಹೊಸ ಮೂಟೆಯಲ್ಲಿದ್ದ ಸುರೇಶನ ಬಟ್ಟೆಗಳನ್ನು ಒಂದೊಂದಾಗಿ ಮಡಿಲಿಗೆಳೆದುಕೊಂಡು, ಮೂರು ಚುಕ್ಕಿ ಒಂದು ಗೆರೆಯ ಪಕ್ಕದಲ್ಲಿ ಸಣ್ಣದೊಂದು ಸುತ್ತು ಬರೆದಳು. ಬಿಸಿಲಿನ ಔಷಧಿ ಹಚ್ಚುವವರಿಗೆ ಆಕೆಯ ಲಿಪಿಯಲ್ಲಿ ಅಂದಿನಿಂದ ಅದೇ ಗುರುತು. ಮುಂದಿನ ವರ್ಷಗಳಲ್ಲಿ ಆ ಸುತ್ತು ಎಷ್ಟೋ ಮನೆಗಳ ಬಟ್ಟೆಗಳ ಮೇಲೆ ಕಾಣಿಸಿಕೊಂಡಿತು. ನಮ್ಮ ಮನೆಯ ಸೊಸೆಯ ಬಿಳಿಯ ಸೀರೆಯ ಮೂಲೆಯಲ್ಲಿ ಅದನ್ನು ಕಂಡು ಇದೇನೆಂದು ಹುಚ್ಚಮ್ಮನನ್ನು ಕೇಳಿದಾಗಲೇ ನನಗೆ ಈ ವೃತ್ತಾಂತವೆಲ್ಲ ತಿಳಿದದ್ದು.