ಎಡಗಣ್ಣು ಬಲಕ್ಕೆ ಬರುವ ತನಕ

ಬೆಳಗಿನ ನಾಲ್ಕೂವರೆ. ಕೆನಡಾ ಕರಾವಳಿಯ ಪುಟ್ಟ ಕೊಲ್ಲಿ ಟ್ರಾಸ್ಕ್ ಕೋವ್‌ನ ನೀರು ಎಷ್ಟು ತಣ್ಣಗಿದೆಯೆಂದರೆ, ಕೈ ಅದ್ದಿದವರು ಬೆರಳು ಎಣಿಸಿಕೊಂಡೇ ಹೊರಗೆ ತೆಗೆಯಬೇಕು. ಅದರಲ್ಲಿ ಮೊಣಕೈವರೆಗೆ ತೋಳು ಇಳಿಬಿಟ್ಟು, ಮಲ್ಲು ಬಟ್ಟೆಗಿಂತ ನಯವಾದ ಬಲೆ ಎಳೆಯುತ್ತಿದ್ದಾಳೆ ಅರವತ್ಮೂರರ ಲಿಯೋಟಾ ಕ್ರೋವೆಲ್. ಹುಟ್ಟು ಹಾಕುವವನು ಗಂಡ ಹಾರ್ಲನ್. ಅವನ ಕೈ ದಣಿದರೂ ಬಾಯಿ ದಣಿಯುವುದಿಲ್ಲ.

"ಮದುವೆಯಾಗಿ ನಲವತ್ತು ವರ್ಷ ಆಯ್ತು ಕಣೇ. ನನಗೆ ಒಂದಿನ ಹೀಗೆದ್ದು ತಿಂಡಿ ಮಾಡಿದ್ದೀಯಾ?"

"ನಿನಗೆ ಹುಟ್ಟುವಾಗಲೇ ಎರಡೂ ಕಣ್ಣು ಜಾಗದಲ್ಲಿತ್ತಲ್ಲ, ಸಾಕು. ಮೆಲ್ಲಗೆ ಹಾಕೋ ಹುಟ್ಟು, ಹುಳ ಜಜ್ಜಿಹೋಗ್ತಾವೆ!"

ಬಲೆಯ ತುದಿಯಲ್ಲಿ ಸಿಗುವುದು ಕೆಂಪು ಗಂಜಿಯಂಥದ್ದು. ಎಳ್ಳಿಗಿಂತ ಸಣ್ಣ ಸಮುದ್ರಹುಳುಗಳು. ಒಂದು ಬಕೆಟ್ಟಿನಲ್ಲಿ ಇಡೀ ಕೆನಡಾದ ಜನಸಂಖ್ಯೆ. ದಿನಕ್ಕೆ ಎರಡು ಸಲ, ಎಂಟೆಂಟು ಬಕೆಟ್. ಎಲ್ಲವೂ ಮೀನುಮರಿ ಸಾಕುವ ಶೆಡ್ಡಿನ ನಾಲ್ಕನೇ ತೊಟ್ಟಿಗೆ.

ತೊಟ್ಟಿಯಲ್ಲಿರುವುದು ಹ್ಯಾಲಿಬಟ್ ಮರಿಗಳು. ಹ್ಯಾಲಿಬಟ್ ಎಂದರೆ ನಮ್ಮ ಕರಾವಳಿಯ ಚಪ್ಪಟೆ ನಂಗು ಮೀನಿನ ದೊಡ್ಡಪ್ಪ. ಬೆಳೆದರೆ ಬಾಗಿಲಷ್ಟು ಅಗಲ. ಆದರೆ ಹುಟ್ಟುವಾಗ ಎಲ್ಲ ಮೀನಿನಂತೆ ನೆಟ್ಟಗೇ ಈಜುತ್ತದೆ, ಆಚೆಗೊಂದು ಈಚೆಗೊಂದು ಕಣ್ಣು. ಕೆಲವು ವಾರಗಳಲ್ಲಿ ಎಡಗಣ್ಣು ಮೆಲ್ಲಗೆ ನೆತ್ತಿ ಹತ್ತಿ ಬಲಕ್ಕೆ ಇಳಿಯುತ್ತದೆ. ಆಮೇಲೆ ಮರಿ ಎಡಮಗ್ಗುಲು ಕೆಳಗೆ ಮಾಡಿ ತಳದಲ್ಲಿ ಮಲಗುತ್ತದೆ. ಅದಕ್ಕೆ ಮೊದಲು ಹೊಟ್ಟೆಗೆ ಸರಿಯಾದದ್ದು ಬೀಳದಿದ್ದರೆ ಕಣ್ಣು ನಡುದಾರಿಯಲ್ಲೇ ಕೂತುಬಿಡುತ್ತದೆ. ಅಂಥವನ್ನು ಆರಿಸಿ ಎಸೆಯುವುದೂ ಲಿಯೋಟಾಳ ಕೆಲಸವೇ. ಹೋದ ವರ್ಷ ಅರ್ಧಕ್ಕರ್ಧ ಎಸೆದಳು. "ಮೂರು ದಿನ ನನಗೇ ಅನ್ನ ಇಳೀಲಿಲ್ಲ" ಎನ್ನುತ್ತಾಳೆ.

ಇಪ್ಪತ್ತೆರಡು ವರ್ಷದ ಈ ಶೆಡ್ಡಿನ ತಣ್ಣೀರ ಕೆಲಸದಲ್ಲಿ ಬೆರಳಿನ ಗೆಣ್ಣುಗಳು ಆಲೂಗಡ್ಡೆಯಂತೆ ಊದಿವೆ. ಕೋಟಿನ ಗುಂಡಿ ಹಾಕಿಕೊಡುವವನು ಹಾರ್ಲನ್.

ಉಳಿದ ತೊಟ್ಟಿಗಳಿಗೆ ಡಬ್ಬಿಯಲ್ಲಿ ಬರುವ ಮೊಟ್ಟೆ ಒಡೆಸಿ ತೆಗೆದ ಸೀಗಡಿಮರಿಗಳೇ ಊಟ. ಮೇಲ್ವಿಚಾರಕ ಗಾರ್ನೆಟ್‌ಗೆ ಅದೇ ಸುಲಭ. ಲಿಯೋಟಾ ಹಟ ಹಿಡಿದದ್ದಕ್ಕೆ ಒಂದು ತೊಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ವ್ಯತ್ಯಾಸ ಕಾಣದಿದ್ದರೆ ದೋಣಿಯೂ ಇಲ್ಲ, ಅವಳೂ ಇಲ್ಲ. ಊಟ ಉದುರಿಸಲು ಯಂತ್ರ ಬರುತ್ತದೆ.

ಆರು ವಾರದ ಮೇಲೆ ಎಣಿಕೆಯ ದಿನ. ಬಿಳಿ ಬೋಗುಣಿಯಲ್ಲಿ ಮೂರನೇ ತೊಟ್ಟಿಯ ನೂರು ಮರಿಗಳು. ಕಣ್ಣು ದಾಟಿದವು ನಲವತ್ತಾರು. ಆಮೇಲೆ ನಾಲ್ಕನೆಯದರ ನೂರು. ಗಾರ್ನೆಟ್ ಎಣಿಸುತ್ತಾನೆ. ಮತ್ತೆ ಎಣಿಸುತ್ತಾನೆ.

"ಎಂಬತ್ಮೂರು" ಎನ್ನುತ್ತಾನೆ, ಸಣ್ಣ ದನಿಯಲ್ಲಿ.

"ಗಟ್ಟಿಯಾಗಿ ಹೇಳಪ್ಪಾ, ಬಾಗಿಲಲ್ಲಿರೋ ನಮ್ಮವರಿಗೆ ಕಿವಿ ಮಂದ."

"ಎಂಬತ್ಮೂರು, ಲಿಯೋಟಾ! ಮುಂದಿನ ವಸಂತಕ್ಕೆ ಎಲ್ಲಾ ತೊಟ್ಟಿಗೂ ನಿಮ್ಮ ಹುಳಾನೇ. ಸರಿನಾ?"

ಬಾಗಿಲಲ್ಲಿ ನಿಂತ ಹಾರ್ಲನ್ ಹಣೆ ಚಚ್ಚಿಕೊಳ್ಳುತ್ತಾನೆ. "ಹಾಗಾದ್ರೆ ನನ್ನ ತೋಳು ಮುಗೀತು."

ಲಿಯೋಟಾ ನಗುವುದಿಲ್ಲ. ಉಳಿದ ಹದಿನೇಳು ಮರಿಗಳ ಬೋಗುಣಿಯ ಮೇಲೆ ಬಗ್ಗಿದ್ದಾಳೆ. ಒಂದರ ಕಣ್ಣು ಸರಿಯಾಗಿ ನೆತ್ತಿಯ ಮೇಲಿದೆ, ಮಾಳಿಗೆ ಹತ್ತಿ ಇಣುಕುವವರಂತೆ. ಎಸೆಯಲೆಂದು ಗಾರ್ನೆಟ್ ಬೋಗುಣಿಗೆ ಕೈ ಹಾಕುವಷ್ಟರಲ್ಲಿ ಅವಳ ಊದಿದ ಬೆರಳುಗಳು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

"ಇವಕ್ಕೆ ಇನ್ನೊಂದು ವಾರ ಕೊಡಪ್ಪಾ. ಹೊರಟಿದ್ದಾವೆ, ಇನ್ನೂ ದಾರೀಲಿದ್ದಾವೆ. ನಾನೇ ಊಟ ಹಾಕ್ತೀನಿ."